ವಸಡಿನ ರೋಗ: ವಂಶದ ಪಾಲೆಷ್ಟು, ನಮ್ಮ ಪಾಲೆಷ್ಟು?

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ದಂತವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ಆರೋಗ್ಯದ ಬಗ್ಗೆ ಮಾತನಾಡಬೇಕೆಂದು ಸಂಘದವರು ಕೇಳಿಕೊಂಡಾಗ ನಾನು ವಸಡಿನ ರೋಗವನ್ನು ಆರಿಸಿಕೊಂಡೆ. ಹೃದಯ, ಕಿಡ್ನಿ, ಸಕ್ಕರೆ ಕಾಯಿಲೆಗಳ ಬಗ್ಗೆ ನೀವು ಸಾಕಷ್ಟು ಕೇಳಿರುತ್ತೀರಿ. ವಸಡಿನ ಬಗ್ಗೆ ಕೇಳುವವರು ಕಡಿಮೆ. ಆದರೆ ತೀವ್ರ ಸ್ವರೂಪದ ವಸಡಿನ ರೋಗವುಳ್ಳವರ ಸಂಖ್ಯೆ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ತನ್ನ ವರದಿಯಲ್ಲಿ ಹೇಳಿದೆ. ದೊಡ್ಡವರಲ್ಲಿ ಹಲ್ಲು ಉದುರುವುದಕ್ಕೆ ಇರುವ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ದಂತವೈದ್ಯರ ಬಳಿ ಬರುವವರಲ್ಲಿ ಬಹಳ ಮಂದಿ ಹೇಳುವ ಮಾತೊಂದಿದೆ. "ಡಾಕ್ಟರೇ, ಇದು ನಮ್ಮ ಮನೆತನದಲ್ಲೇ ಇದೆ. ನಮ್ಮ ತಂದೆಗೆ ನಲವತ್ತಕ್ಕೆ ಹಲ್ಲು ಅಲುಗಾಡಿತು, ಅಜ್ಜನಿಗೂ ಹಾಗೆಯೇ ಆಗಿತ್ತಂತೆ. ನಾವೇನು ಮಾಡಿದರೂ ಅಷ್ಟೇ." ಹೀಗೆ ಹೇಳಿ ಅವರು ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಮತ್ತೆ ಕೆಲವರು ಇದಕ್ಕೆ ತದ್ವಿರುದ್ಧ. "ವಂಶವೂ ಇಲ್ಲ, ಏನೂ ಇಲ್ಲ, ಸರಿಯಾಗಿ ಉಜ್ಜದವರ ಹಲ್ಲು ಹೋಗುತ್ತದೆ ಅಷ್ಟೆ" ಎಂದು ರೋಗಿಯನ್ನೇ ದೂರುತ್ತಾರೆ. ಈ ಎರಡು ಮಾತುಗಳಲ್ಲಿ ಎಷ್ಟು ಸತ್ಯವಿದೆ, ಎಷ್ಟು ತಪ್ಪಿದೆ ಎಂಬುದನ್ನು ವಿಜ್ಞಾನದ ಆಧಾರದಲ್ಲಿ ನೋಡೋಣ.

ವಸಡಿನ ರೋಗ ಎಂದರೇನು?

ಹಲ್ಲು ದವಡೆಯ ಮೂಳೆಯಲ್ಲಿ ಗೋಡೆಗೆ ಹೊಡೆದ ಮೊಳೆಯಂತೆ ನಿಂತಿಲ್ಲ. ಹಲ್ಲಿನ ಬೇರು ಮತ್ತು ಮೂಳೆಯ ನಡುವೆ ಸಣ್ಣ ಸಣ್ಣ ನಾರುಗಳಿವೆ. ಅವು ಹಲ್ಲನ್ನು ಎಲ್ಲ ಕಡೆಯಿಂದ ಹಿಡಿದುಕೊಂಡಿರುತ್ತವೆ. ಅದರ ಮೇಲೆ ವಸಡು ಹೊದಿಕೆಯಂತೆ ಇರುತ್ತದೆ. ನಾವು ಊಟ ಮಾಡಿದ ಮೇಲೆ ಹಲ್ಲಿನ ಮೇಲೆ, ವಸಡಿನ ಅಂಚಿನಲ್ಲಿ, ಅಂಟಂಟಾದ ತೆಳು ಪದರವೊಂದು ಕಟ್ಟಿಕೊಳ್ಳುತ್ತದೆ. ಇದಕ್ಕೆ ಪ್ಲಾಕ್ ಅಥವಾ ದಂತಪಾಚಿ ಎನ್ನುತ್ತೇವೆ. ಇದು ಬರೀ ಆಹಾರದ ಚೂರಲ್ಲ, ಕೋಟ್ಯಂತರ ಬ್ಯಾಕ್ಟೀರಿಯಾಗಳು ಸೇರಿ ಕಟ್ಟಿದ ಪದರ. ತೆಗೆಯದೆ ಬಿಟ್ಟರೆ ಗಟ್ಟಿಯಾಗಿ ಕಿಟ್ಟವಾಗುತ್ತದೆ.

ರೋಗಕ್ಕೆ ಎರಡು ಹಂತಗಳಿವೆ. ಮೊದಲನೆಯದು ಜಿಂಜಿವೈಟಿಸ್, ಅಂದರೆ ವಸಡಿನ ಊತ. ವಸಡು ಕೆಂಪಾಗಿ, ಉಜ್ಜುವಾಗ ರಕ್ತ ಬರುತ್ತದೆ. ಇದು ಪೂರ್ತಿ ವಾಸಿಯಾಗುವಂಥದ್ದು. ಎರಡನೆಯದು ಪೆರಿಯೊಡಾಂಟೈಟಿಸ್. ನಮ್ಮ ಜನ ಇದನ್ನು ಹಿಂದಿನಿಂದಲೂ ಪಯೋರಿಯಾ ಎಂದು ಕರೆಯುತ್ತ ಬಂದಿದ್ದಾರೆ. ಇದರಲ್ಲಿ ವಸಡು ಹಲ್ಲಿನಿಂದ ಬಿಟ್ಟುಕೊಳ್ಳುತ್ತದೆ, ನಡುವೆ ಜೇಬಿನಂಥ ಸಂದು ಉಂಟಾಗುತ್ತದೆ, ನಾರುಗಳು ಹರಿಯುತ್ತವೆ, ದವಡೆಯ ಮೂಳೆ ಕರಗುತ್ತದೆ. ಆರೋಗ್ಯವಂತರಲ್ಲಿ ಈ ಸಂದಿನ ಆಳ 1ರಿಂದ 3 ಮಿಲಿಮೀಟರ್. ಅದಕ್ಕಿಂತ ಆಳವಾಗುತ್ತ ಹೋದರೆ ಎಚ್ಚರ ವಹಿಸಬೇಕು. ಕರಗಿದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ.

ಎಲ್ಲರಿಗೂ ಒಂದೇ ಪಾಚಿ, ಆದರೆ ಒಂದೇ ರೋಗವಲ್ಲ

1965ರಲ್ಲಿ ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಹರಾಲ್ಡ್ ಲೋ ಮತ್ತು ಅವರ ಸಂಗಡಿಗರು ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಆರೋಗ್ಯವಾದ ವಸಡುಳ್ಳ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಅವರಲ್ಲಿ ಹೆಚ್ಚಿನವರು ದಂತವೈದ್ಯಕೀಯ ವಿದ್ಯಾರ್ಥಿಗಳೇ. 10ರಿಂದ 21 ದಿನಗಳ ಒಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಆರಂಭಿಸಿದ ಮೇಲೆ ಎಲ್ಲರದೂ ಸರಿಹೋಯಿತು. ಅಂದರೆ ಮೊದಲ ಹಂತದ ರೋಗಕ್ಕೆ ವಂಶ, ಕುಲ, ಮನೆತನ ಯಾವುದೂ ಬೇಕಿಲ್ಲ. ಪಾಚಿ ಕಟ್ಟಿದರೆ ಯಾರಿಗೂ ಬರುತ್ತದೆ, ತೆಗೆದರೆ ಹೋಗುತ್ತದೆ.

ಹಾಗಿದ್ದರೆ ಪಾಚಿ ಕಟ್ಟಿದ ಎಲ್ಲರಿಗೂ ಎರಡನೆಯ ಹಂತವೂ ಬರಬೇಕಲ್ಲವೇ? ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ನೆರೆಯ ಶ್ರೀಲಂಕಾದಲ್ಲಿ. ಅದೇ ಲೋ ಅವರ ತಂಡ 1970ರಲ್ಲಿ ಅಲ್ಲಿಯ ಚಹಾ ತೋಟಗಳ 480 ಗಂಡಸು ಕಾರ್ಮಿಕರನ್ನು ಪರೀಕ್ಷಿಸಲು ಆರಂಭಿಸಿ, 1985ರವರೆಗೆ ಅವರ ಬೆನ್ನು ಹತ್ತಿತು. ಆರಂಭದಲ್ಲಿ ಅವರ ವಯಸ್ಸು 14ರಿಂದ 31. ಅವರಿಗೆ ಬ್ರಷ್ ಬಳಸುವ ರೂಢಿಯಿರಲಿಲ್ಲ, ದಂತವೈದ್ಯರ ಸೌಲಭ್ಯವೂ ಇರಲಿಲ್ಲ. ಎಲ್ಲರ ಹಲ್ಲಿನ ಮೇಲೂ ಪಾಚಿ ಮತ್ತು ಕಿಟ್ಟ, ಎಲ್ಲರಿಗೂ ವಸಡಿನ ಊತ.

ಫಲಿತಾಂಶವನ್ನು ಗಮನಿಸಿ. ಸುಮಾರು ಶೇಕಡ 8ರಷ್ಟು ಮಂದಿಯಲ್ಲಿ ರೋಗ ಬಹಳ ವೇಗವಾಗಿ ಬೆಳೆಯಿತು. ಈ ಗುಂಪಿನವರು 40ರ ವಯಸ್ಸಿಗೆ ಸರಾಸರಿ 20 ಹಲ್ಲುಗಳನ್ನು ಕಳೆದುಕೊಂಡಿದ್ದರು, 45ಕ್ಕೆ ಬಾಯಿ ಬರಿದಾಗಿತ್ತು. ಶೇಕಡ 81ರಷ್ಟು ಮಂದಿಯಲ್ಲಿ ರೋಗ ನಿಧಾನವಾಗಿ ಸಾಗಿತು. 45ರ ವಯಸ್ಸಿಗೆ ಅವರು ಕಳೆದುಕೊಂಡಿದ್ದು ಸುಮಾರು 7 ಹಲ್ಲು. ಉಳಿದ ಶೇಕಡ 11ರಷ್ಟು ಮಂದಿಯಲ್ಲಿ ವಸಡಿನ ಊತ ಬಿಟ್ಟರೆ ಬೇರೇನೂ ಆಗಲಿಲ್ಲ. ಒಂದೇ ತೋಟ, ಒಂದೇ ಕೆಲಸ, ಹೆಚ್ಚುಕಡಿಮೆ ಒಂದೇ ಊಟ, ಅದೇ ಕೊಳೆ. ಆದರೂ ಒಬ್ಬನ ಹಲ್ಲು ಉಳಿಯಿತು, ಇನ್ನೊಬ್ಬನದು ಪೂರ್ತಿ ಹೋಯಿತು. ಪಾಚಿಯ ಜೊತೆಗೆ ಮನುಷ್ಯನ ಮೈಯಲ್ಲೂ ಏನೋ ವ್ಯತ್ಯಾಸವಿದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಅವಳಿಗಳು ಹೇಳಿದ್ದು

ಆ ವ್ಯತ್ಯಾಸ ಹುಟ್ಟಿನಿಂದ ಬಂದದ್ದೇ ಎಂದು ತಿಳಿಯುವುದು ಹೇಗೆ? ಇದಕ್ಕೆ ವಿಜ್ಞಾನಿಗಳು ಅವಳಿಗಳ ಮೊರೆ ಹೋಗುತ್ತಾರೆ. ಅವಳಿಗಳಲ್ಲಿ ಎರಡು ಬಗೆ. ಒಂದೇ ಅಂಡ ಎರಡಾಗಿ ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ವಂಶವಾಹಿಗಳು, ಅಂದರೆ ಜೀನ್‌ಗಳು, ಪೂರ್ತಿ ಒಂದೇ. ಎರಡು ಅಂಡಗಳಿಂದ ಹುಟ್ಟಿದ ಅವಳಿಗಳು ಬೇರೆ ಅಣ್ಣತಮ್ಮಂದಿರ ಹಾಗೆ ಸರಾಸರಿ ಅರ್ಧದಷ್ಟು ಮಾತ್ರ ಹಂಚಿಕೊಂಡಿರುತ್ತಾರೆ. ತದ್ರೂಪಿಗಳಲ್ಲಿ ರೋಗದ ಹೋಲಿಕೆ ಹೆಚ್ಚಿದ್ದರೆ ಅಲ್ಲಿ ವಂಶವಾಹಿಯ ಕೈವಾಡವಿದೆ ಎಂದು ಊಹಿಸಬಹುದು.

ಅಮೆರಿಕದಲ್ಲಿ ಬ್ರಯಾನ್ ಮಿಖಲೋವಿಚ್ ಮತ್ತು ಸಂಗಡಿಗರು 1991ರಲ್ಲಿ 110 ಜೊತೆ ಅವಳಿಗಳ ಅಧ್ಯಯನವನ್ನು ಪ್ರಕಟಿಸಿದರು. ಬೇರೆ ಬೇರೆ ಮನೆಗಳಲ್ಲಿ ಬೆಳೆದ ತದ್ರೂಪಿ ಅವಳಿಗಳೂ ಅದರಲ್ಲಿದ್ದರು. 2000ದಲ್ಲಿ ಇನ್ನೂ 117 ಜೊತೆಗಳ ಅಧ್ಯಯನ ಬಂತು. ಪೆರಿಯೊಡಾಂಟೈಟಿಸ್ ವಿಷಯದಲ್ಲಿ ಜನರ ನಡುವಿನ ವ್ಯತ್ಯಾಸದ ಸುಮಾರು ಅರ್ಧ ಪಾಲು ವಂಶವಾಹಿಯದು ಎಂದು ಅದು ಹೇಳಿತು. ಆದರೆ ಮೊದಲ ಹಂತದ ವಸಡಿನ ಊತಕ್ಕೆ ವಂಶದ ಪಾಲು ಕಾಣಲಿಲ್ಲ. ಡೆನ್ಮಾರ್ಕಿನ ಪ್ರಯೋಗಕ್ಕೆ ಇದು ಸರಿಹೊಂದುತ್ತದೆ. ಮುಂದೆ 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವಿಜ್ಞಾನಿಗಳು ಈ ಪಾಲನ್ನು ಮೂರನೇ ಒಂದರವರೆಗೆ ಎಂದು ಇಳಿಸಿದರು. ರೋಗ ತೀವ್ರವಾಗಿದ್ದಷ್ಟೂ ವಂಶದ ಪಾಲು ಹೆಚ್ಚು ಎಂಬುದನ್ನೂ ಕಂಡರು.

ವಿದ್ಯಾರ್ಥಿಗಳು ಒಂದು ಸೂಕ್ಷ್ಮವನ್ನು ತಿಳಿದುಕೊಳ್ಳಬೇಕು. ಮೂರನೇ ಒಂದು ಅಥವಾ ಅರ್ಧ ಎಂದರೆ ನಿಮ್ಮ 32 ಹಲ್ಲುಗಳಲ್ಲಿ 16 ವಂಶದಿಂದ ಹೋಗುತ್ತವೆ ಎಂದಲ್ಲ. ಒಂದು ಜನಸಮೂಹದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸಕ್ಕೆ ಕಾರಣ ಹುಡುಕುವ ಲೆಕ್ಕವಿದು. ಒಬ್ಬ ವ್ಯಕ್ತಿಯ ಭವಿಷ್ಯವನ್ನು ಇದು ಹೇಳುವುದಿಲ್ಲ.

ವಂಶವಾಹಿ ಮಾಡುವ ಕೆಲಸ

ಹಾಗಾದರೆ ವಂಶವಾಹಿ ಏನು ಮಾಡುತ್ತದೆ? ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ವಸಡಿಗೆ ನುಗ್ಗಲು ಹೊರಟಾಗ ನಮ್ಮ ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ. ಯುದ್ಧ ನಡೆಯುತ್ತದೆ. ಊರನ್ನು ಉಳಿಸಲು ಬಂದ ಸೈನ್ಯವೇ ಬೆಳೆಯನ್ನು ತುಳಿದು ಹಾಕಿದ ಹಾಗೆ, ಈ ಹೋರಾಟದಲ್ಲಿ ಹೊರಬರುವ ರಾಸಾಯನಿಕಗಳು ನಮ್ಮದೇ ನಾರುಗಳನ್ನೂ ಮೂಳೆಯನ್ನೂ ಕರಗಿಸುತ್ತವೆ. ಮೂಳೆ ಕರಗುವುದರಲ್ಲಿ ಬ್ಯಾಕ್ಟೀರಿಯಾಗಳಿಗಿಂತ ನಮ್ಮ ದೇಹದ ಈ ಪ್ರತಿಕ್ರಿಯೆಯ ಪಾತ್ರವೇ ದೊಡ್ಡದು. ಈ ಪ್ರತಿಕ್ರಿಯೆ ಎಷ್ಟು ಜೋರಾಗಿರಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ನಿರ್ಧರಿಸುವುದರಲ್ಲಿ ವಂಶವಾಹಿಗಳು ಪಾಲುಗೊಳ್ಳುತ್ತವೆ.

1997ರಲ್ಲಿ ಕೆನ್ನೆತ್ ಕಾರ್ನ್‌ಮನ್ ಮತ್ತು ಸಂಗಡಿಗರು ಇಂಟರ್‌ಲ್ಯೂಕಿನ್-1 ಎಂಬ ಊತಕಾರಕ ವಸ್ತುವಿನ ವಂಶವಾಹಿಯಲ್ಲಿ ಒಂದು ಬಗೆಯ ವ್ಯತ್ಯಾಸವುಳ್ಳವರಿಗೆ ತೀವ್ರ ರೋಗದ ಸಾಧ್ಯತೆ ಹೆಚ್ಚು ಎಂದು ವರದಿ ಮಾಡಿದರು. ಆಗ ದೊಡ್ಡ ಸುದ್ದಿಯಾಯಿತು, ಪರೀಕ್ಷೆಯ ಕಿಟ್ ಕೂಡ ಮಾರುಕಟ್ಟೆಗೆ ಬಂತು. ಆದರೆ ಅದೇ ವರದಿಯಲ್ಲಿ ಈ ಸಂಬಂಧ ಕಂಡದ್ದು ಧೂಮಪಾನ ಮಾಡದವರಲ್ಲಿ ಮಾತ್ರ. ಸೇದುವವರಲ್ಲಿ ತಂಬಾಕಿನ ಹಾನಿಯ ಎದುರು ವಂಶವಾಹಿಯ ವ್ಯತ್ಯಾಸ ಲೆಕ್ಕಕ್ಕೇ ಬರಲಿಲ್ಲ. ಮುಂದೆ ಬೇರೆ ಬೇರೆ ದೇಶಗಳಲ್ಲಿ ನೋಡಿದಾಗ ಫಲಿತಾಂಶಗಳು ಒಂದೇ ರೀತಿ ಬರಲಿಲ್ಲ. ಚೀನೀ ಮೂಲದ ಜನರಲ್ಲಂತೂ ಆ ಬಗೆಯ ವಂಶವಾಹಿಯೇ ಬಹಳ ವಿರಳ, ಆದರೆ ವಸಡಿನ ರೋಗ ಅವರಿಗೂ ಬರುತ್ತದೆ.

2009ರಲ್ಲಿ ಜರ್ಮನಿಯ ವಿಜ್ಞಾನಿಗಳು ಇನ್ನೊಂದು ಕುತೂಹಲದ ಸಂಗತಿಯನ್ನು ತಿಳಿಸಿದರು. 9ನೇ ವರ್ಣತಂತುವಿನಲ್ಲಿ ಹೃದಯದ ರಕ್ತನಾಳಗಳ ಕಾಯಿಲೆಗೆ ಸಂಬಂಧಿಸಿದ ಒಂದು ಭಾಗವಿದೆ. ಚಿಕ್ಕ ವಯಸ್ಸಿನಲ್ಲೇ ಬರುವ ತೀವ್ರ ವಸಡಿನ ರೋಗಕ್ಕೂ ಅದೇ ಭಾಗದ ಸಂಬಂಧ ಕಂಡುಬಂತು.

ಒಟ್ಟಿನಲ್ಲಿ ಸಾಮಾನ್ಯ ವಸಡಿನ ರೋಗಕ್ಕೆ ಇಂಥದ್ದೇ ಒಂದು ವಂಶವಾಹಿ ಕಾರಣ ಎನ್ನಲಾಗುವುದಿಲ್ಲ. ಅನೇಕ ವಂಶವಾಹಿಗಳು ತಲಾ ಸ್ವಲ್ಪ ಸ್ವಲ್ಪ ಪಾಲು ಸೇರಿಸುತ್ತವೆ. ಆದ್ದರಿಂದ ರಕ್ತ ಅಥವಾ ಎಂಜಲಿನ ಪರೀಕ್ಷೆಯೊಂದನ್ನು ಮಾಡಿಸಿ "ನನಗೆ ಬರುತ್ತದೋ ಇಲ್ಲವೋ" ಎಂದು ತಿಳಿಯುವ ದಾರಿ ಇಂದಿಗೂ ಇಲ್ಲ. ಅಂಥ ಪರೀಕ್ಷೆಗೆ ಹಣ ಸುರಿಯುವ ಬದಲು ತಂದೆತಾಯಿಗೆ, ಅಣ್ಣತಮ್ಮ ಅಕ್ಕತಂಗಿಯರಿಗೆ ಯಾವ ವಯಸ್ಸಿನಲ್ಲಿ ಹಲ್ಲು ಅಲುಗಾಡಿತು ಎಂದು ಕೇಳಿ ತಿಳಿಯುವುದು ಹೆಚ್ಚು ಉಪಯುಕ್ತ.

ಒಂದೇ ವಂಶವಾಹಿಯಿಂದ ಬರುವ ವಿರಳ ರೋಗ

ಆದರೆ ಒಂದೇ ವಂಶವಾಹಿ ಕೆಟ್ಟರೆ ಸಾಕು, ವಸಡು ಪೂರ್ತಿ ಹಾಳಾಗುವ ಕೆಲವು ವಿರಳ ಕಾಯಿಲೆಗಳಿವೆ. ಅವುಗಳಲ್ಲಿ ಒಂದನ್ನು ಇಲ್ಲಿ ವಿವರವಾಗಿ ಹೇಳಬೇಕು. 1924ರಲ್ಲಿ ಫ್ರಾನ್ಸಿನ ಪಪಿಯೋನ್ ಮತ್ತು ಲೆಫೆವ್ರ್ ಎಂಬ ಇಬ್ಬರು ವೈದ್ಯರು ಒಬ್ಬ ಅಣ್ಣ-ತಂಗಿಯರಲ್ಲಿ ಇದನ್ನು ಗುರುತಿಸಿದರು. ಅವರ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ನಾಲ್ವರಿಗೆ ಇದು ಇರುತ್ತದೆ.

ಈ ಮಕ್ಕಳ ಅಂಗೈ ಮತ್ತು ಅಂಗಾಲಿನ ಚರ್ಮ ಎಳೆಯ ವಯಸ್ಸಿನಲ್ಲೇ ದಪ್ಪಗಾಗಿ, ಒರಟಾಗಿ, ಬಿರುಕು ಬಿಡುತ್ತದೆ. ಹಾಲುಹಲ್ಲು ಸರಿಯಾದ ಸಮಯಕ್ಕೇ ಹುಟ್ಟುತ್ತವೆ, ಆದರೆ ವಸಡು ಊದಿಕೊಂಡು ನಾಲ್ಕೈದು ವರ್ಷದೊಳಗೆ ಉದುರಿಹೋಗುತ್ತವೆ. ಹಲ್ಲಿಲ್ಲದಾಗ ವಸಡು ಶಾಂತವಾಗುತ್ತದೆ. ಶಾಶ್ವತ ಹಲ್ಲು ಹುಟ್ಟಿದೊಡನೆ ಅದೇ ಕಥೆ. ಹದಿನಾಲ್ಕು ಹದಿನೈದರ ಹೊತ್ತಿಗೆ ಅವೂ ಬಹುಪಾಲು ಹೋಗಿರುತ್ತವೆ. ಇದಕ್ಕೆ ಕಾರಣವಾದ ವಂಶವಾಹಿಯನ್ನು 1999ರಲ್ಲಿ ಗುರುತಿಸಲಾಯಿತು. ಅದು 11ನೇ ವರ್ಣತಂತುವಿನಲ್ಲಿದೆ. ಕ್ಯಾಥೆಪ್ಸಿನ್-ಸಿ ಎಂಬ ಕಿಣ್ವವನ್ನು ತಯಾರಿಸುವುದು ಅದರ ಕೆಲಸ. ಈ ಕಿಣ್ವ ಇಲ್ಲದಿದ್ದರೆ ಬಿಳಿ ರಕ್ತಕಣಗಳ ಆಯುಧಗಳು ಹರಿತವಾಗುವುದಿಲ್ಲ, ವಸಡಿನ ರಕ್ಷಣೆ ಕುಸಿಯುತ್ತದೆ.

ಈ ರೋಗ ಬರಬೇಕಾದರೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಕೆಟ್ಟ ಪ್ರತಿಗಳು ಮಗುವಿಗೆ ಬರಬೇಕು. ಒಂದೇ ಪ್ರತಿ ಇದ್ದವರು ಆರೋಗ್ಯವಾಗಿರುತ್ತಾರೆ, ಅವರಿಗೆ ಅದು ಗೊತ್ತೂ ಇರುವುದಿಲ್ಲ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಸಲದ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳು ತಮ್ಮ ವಂಶವಾಹಿಗಳಲ್ಲಿ ಸರಾಸರಿ ಎಂಟನೇ ಒಂದು ಪಾಲನ್ನು ಹಂಚಿಕೊಂಡಿರುತ್ತಾರೆ. ಹಾಗಾಗಿ ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ಎರಡು ಕೆಟ್ಟ ಪ್ರತಿಗಳು ಒಂದೆಡೆ ಸೇರುವ ಸಾಧ್ಯತೆ ಹೆಚ್ಚು.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ನಮ್ಮ ರಾಜ್ಯದಲ್ಲಿ ರಕ್ತಸಂಬಂಧದ ಮದುವೆ ಹಿಂದಿನಿಂದಲೂ ಇದೆ. ಅದು ಒಂದು ಸಮುದಾಯಕ್ಕೆ ಸೀಮಿತವಲ್ಲ. ಹಿಂದೂಗಳಲ್ಲಿ ಸೋದರಮಾವ, ಸೋದರತ್ತೆಯ ಮಕ್ಕಳ ಜೊತೆ ಸಂಬಂಧ ನಡೆಯುತ್ತದೆ. ಮುಸ್ಲಿಮರಲ್ಲಿ ಸೋದರಮಾವನ ಜೊತೆ ಇಲ್ಲ, ಆದರೆ ಚಿಕ್ಕಪ್ಪ, ದೊಡ್ಡಪ್ಪ, ಮಾವ, ಅತ್ತೆಯರ ಮಕ್ಕಳ ನಡುವೆ ನಡೆಯುತ್ತದೆ. ಇಂಥ ಮದುವೆಯಾದವರ ಮಕ್ಕಳೆಲ್ಲ ರೋಗಿಗಳಾಗುತ್ತಾರೆ ಎಂದು ಯಾರೂ ಭಾವಿಸಬಾರದು. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಕುಟುಂಬದಲ್ಲಿ ಈಗಾಗಲೇ ಇಂಥ ಮಗು ಇದ್ದರೆ, ಮತ್ತೆ ಅದೇ ಬಳಗದೊಳಗೆ ಸಂಬಂಧ ಬೆಳೆಸುವ ಮೊದಲು ತಜ್ಞ ವೈದ್ಯರ ಸಲಹೆ ಕೇಳುವುದು ವಿವೇಕ.

ಇನ್ನೊಂದು ವಿಷಯವನ್ನು ಶಿಕ್ಷಕರಿಗೂ ತಾಯಂದಿರಿಗೂ ಕೈಮುಗಿದು ಹೇಳುತ್ತೇನೆ. ಅಂಗೈ ಒರಟಾದ, ಹಲ್ಲು ಉದುರಿದ ಮಗುವನ್ನು ಜನ ಹತ್ತಿರ ಸೇರಿಸುವುದಿಲ್ಲ, ಅಂಟುರೋಗವೆಂದು ಭಾವಿಸುತ್ತಾರೆ, ತಾಯಿಯ ಮೇಲೆ ತಪ್ಪು ಹೊರಿಸುತ್ತಾರೆ. ಇದು ಅಂಟುರೋಗವಲ್ಲ. ವಂಶವಾಹಿ ತಂದೆಯಿಂದಲೂ ತಾಯಿಯಿಂದಲೂ ಸಮವಾಗಿ ಬಂದದ್ದು, ತಪ್ಪು ಯಾರದ್ದೂ ಅಲ್ಲ. ಬೇಗ ಗುರುತಿಸಿ ಚರ್ಮವೈದ್ಯರು, ದಂತವೈದ್ಯರು ಸೇರಿ ಚಿಕಿತ್ಸೆ ಮಾಡಿದರೆ ಕೆಲವು ಶಾಶ್ವತ ಹಲ್ಲುಗಳನ್ನು ಉಳಿಸಿಕೊಳ್ಳಬಹುದು. ಹೋದ ಹಲ್ಲಿಗೆ ಬದಲಿ ಹಲ್ಲು ಕಟ್ಟಿಸಬಹುದು. ಆ ಮಗು ಶಾಲೆ ಬಿಡಬೇಕಾದ ಕಾರಣವೇ ಇಲ್ಲ.

ಹದಿಹರೆಯದವರು ಗಮನಿಸಬೇಕಾದದ್ದು

ವಸಡಿನ ರೋಗ ಮುದುಕರ ಕಾಯಿಲೆ ಎಂಬ ಭಾವನೆ ನಿಮ್ಮಲ್ಲಿರಬಹುದು. ಆದರೆ ಹದಿಹರೆಯದಲ್ಲೇ ಶುರುವಾಗುವ ಒಂದು ಬಗೆ ಇದೆ. ಮೇಲ್ನೋಟಕ್ಕೆ ವಸಡು ಚೆನ್ನಾಗಿಯೇ ಕಾಣುತ್ತದೆ, ಪಾಚಿಯೂ ಹೆಚ್ಚಿರುವುದಿಲ್ಲ. ಒಳಗೆ ಮಾತ್ರ ಮೊದಲ ದವಡೆಹಲ್ಲು ಮತ್ತು ಮುಂದಿನ ಬಾಚಿಹಲ್ಲುಗಳ ಸುತ್ತ ಮೂಳೆ ಕರಗುತ್ತಿರುತ್ತದೆ. ಮುಂಭಾಗದ ಹಲ್ಲುಗಳ ನಡುವೆ ಇಲ್ಲದಿದ್ದ ಸಂದು ಕಾಣಿಸಿಕೊಳ್ಳುವುದು, ಹಲ್ಲು ಮುಂದಕ್ಕೆ ಸರಿಯುವುದು ಇದರ ಲಕ್ಷಣ. ಹಿಂದೆ ಇದಕ್ಕೆ ಜುವೆನೈಲ್, ಆಮೇಲೆ ಅಗ್ರೆಸಿವ್ ಎಂಬ ಹೆಸರುಗಳಿದ್ದವು. 2018ರ ಹೊಸ ವರ್ಗೀಕರಣದಲ್ಲಿ ಎಲ್ಲವನ್ನೂ ಪೆರಿಯೊಡಾಂಟೈಟಿಸ್ ಎಂಬ ಒಂದೇ ಹೆಸರಿನಡಿ ತಂದು, ರೋಗದ ಹಂತ ಮತ್ತು ವೇಗವನ್ನು ಗುರುತಿಸುವ ಪದ್ಧತಿ ಬಂತು.

ಈ ಬಗೆ ಒಂದೇ ಮನೆಯ ಹಲವರಲ್ಲಿ ಕಾಣಿಸುವುದು ಸಾಮಾನ್ಯ. ಹಾಗೆಂದು ಅದೆಲ್ಲ ವಂಶವಾಹಿಯೇ ಎನ್ನುವಂತಿಲ್ಲ. ಇದಕ್ಕೆ ಸಂಬಂಧಿಸಿದ ಒಂದು ಬ್ಯಾಕ್ಟೀರಿಯಾದ ಅಪಾಯಕಾರಿ ತಳಿಯನ್ನು ಮೊರೊಕ್ಕೊ ದೇಶದ ಶಾಲಾ ಮಕ್ಕಳಲ್ಲಿ ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದರು. ಆ ತಳಿ ಬಾಯಲ್ಲಿದ್ದ ಮಕ್ಕಳಿಗೆ ಎರಡೇ ವರ್ಷದಲ್ಲಿ ರೋಗ ಬರುವ ಸಂಭವ ಅದಿಲ್ಲದವರಿಗಿಂತ ಹಲವು ಪಟ್ಟು ಹೆಚ್ಚಾಗಿತ್ತು. ಇಂಥ ಬ್ಯಾಕ್ಟೀರಿಯಾ ಎಂಜಲಿನ ಮೂಲಕ ಮನೆಯೊಳಗೆ ಒಬ್ಬರಿಂದ ಒಬ್ಬರಿಗೆ ಹೋಗಬಲ್ಲದು. ಹೀಗೆ ಒಂದು ಮನೆಯವರು ವಂಶವಾಹಿಯ ಜೊತೆಗೆ ಬ್ಯಾಕ್ಟೀರಿಯಾ, ಊಟದ ರೂಢಿ, ಹಲ್ಲುಜ್ಜುವ ರೀತಿ, ತಂದೆಯಿಂದ ಮಗನಿಗೆ ಬರುವ ಎಲೆ, ಅಡಿಕೆ, ಕಡ್ಡಿಪುಡಿಯ ಚಟ, ಎಲ್ಲವನ್ನೂ ಹಂಚಿಕೊಳ್ಳುತ್ತಾರೆ. ಮನೆತನದಲ್ಲಿ ಇದೆ ಎಂಬುದು ನಿಜವಿರಬಹುದು, ಆದರೆ ಬಂದ ದಾರಿ ಒಂದೇ ಅಲ್ಲ.

ನಮ್ಮ ಕೈಯಲ್ಲಿರುವುದು

ವಂಶವಾಹಿಯನ್ನು ಬದಲಿಸಲು ಆಗುವುದಿಲ್ಲ. ಆದರೆ ಅದು ಕೆಲಸ ಮಾಡಲು ಪಾಚಿ ಬೇಕು. ಆ ಪಾಚಿ ನಮ್ಮ ಕೈಯಲ್ಲಿದೆ. ಶ್ರೀಲಂಕಾದ ಆ ಶೇಕಡ 8ರ ಗುಂಪಿನವರಿಗೆ ಬ್ರಷ್ಷೂ ಇರಲಿಲ್ಲ, ವೈದ್ಯರೂ ಇರಲಿಲ್ಲ ಎಂಬುದನ್ನು ಮರೆಯಬಾರದು. ನಮಗೆ ಎರಡೂ ಇವೆ.

ಮೊದಲನೆಯದಾಗಿ, ದಿನಕ್ಕೆ ಎರಡು ಸಲ, ಎರಡು ನಿಮಿಷ, ವಸಡಿನ ಅಂಚಿಗೆ ತಾಗುವಂತೆ ಮೃದುವಾದ ಬ್ರಷ್ಷಿನಿಂದ ಉಜ್ಜಬೇಕು. ರಾತ್ರಿಯ ಸಲವನ್ನು ಬಿಡಬಾರದು. ಮಿಸ್ವಾಕ್ ಬಳಸುವವರು ಬಳಸಬಹುದು, ಆದರೆ ಮುಂದಿನ ಹಲ್ಲುಗಳಿಗೆ ಮಾತ್ರ ಉಜ್ಜಿ ನಿಲ್ಲಿಸದೆ ದವಡೆಹಲ್ಲುಗಳ ಒಳಭಾಗಕ್ಕೂ ತಲುಪಿಸಬೇಕು. ಇದ್ದಿಲು, ಇಟ್ಟಿಗೆ ಪುಡಿ, ತಂಬಾಕಿನ ಪುಡಿ ಬೇಡ.

ಎರಡನೆಯದಾಗಿ, ಬೀಡಿ, ಸಿಗರೇಟು, ಗುಟ್ಕಾಗಳಿಂದ ದೂರವಿರಬೇಕು. ಸೇದುವವರ ವಸಡಿನಲ್ಲಿ ರಕ್ತ ಬರುವುದು ಕಡಿಮೆ. ಅದನ್ನು ಆರೋಗ್ಯವೆಂದು ತಿಳಿಯಬಾರದು. ಅದು ರೋಗವನ್ನು ಮರೆಮಾಚುತ್ತದೆ.

ಮೂರನೆಯದಾಗಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಅದು ಹತೋಟಿ ತಪ್ಪಿದವರಲ್ಲಿ ವಸಡಿನ ರೋಗದ ಸಂಭವ ಸುಮಾರು ಮೂರು ಪಟ್ಟು ಹೆಚ್ಚು. ವಸಡಿನ ಚಿಕಿತ್ಸೆ ಮಾಡಿಸಿಕೊಂಡರೆ ಸಕ್ಕರೆಯ ಮಟ್ಟವೂ ಸ್ವಲ್ಪ ಸುಧಾರಿಸುತ್ತದೆ.

ನಾಲ್ಕನೆಯದಾಗಿ, ತಂದೆ ತಾಯಿ ಅಥವಾ ಒಡಹುಟ್ಟಿದವರಿಗೆ ಚಿಕ್ಕ ವಯಸ್ಸಿನಲ್ಲಿ ಹಲ್ಲು ಹೋಗಿದ್ದರೆ ದಂತವೈದ್ಯರಿಗೆ ಆ ಮಾತನ್ನು ನೀವಾಗಿಯೇ ಹೇಳಿ. ಆಗ ಅವರು ವಸಡಿನ ಸಂದನ್ನು ಅಳೆದು, ಅಗತ್ಯವಿದ್ದರೆ ಎಕ್ಸ್‌ರೇ ತೆಗೆದು ನೋಡುತ್ತಾರೆ. ಅಂಥವರು ನೋವು ಬರುವವರೆಗೆ ಕಾಯಬಾರದು, ಏಕೆಂದರೆ ಈ ರೋಗದಲ್ಲಿ ನೋವು ಬರುವುದು ಬಹಳ ತಡವಾಗಿ. ಬೇರೆಯವರಿಗೆ ವರ್ಷಕ್ಕೊಮ್ಮೆ ಸಾಕಾದರೆ ಇವರಿಗೆ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ ಬೇಕಾಗಬಹುದು. ಖರ್ಚಿನ ಚಿಂತೆಯಿದ್ದವರು ಸರ್ಕಾರಿ ಆಸ್ಪತ್ರೆಯ ದಂತ ವಿಭಾಗಕ್ಕೆ ಅಥವಾ ದಂತವೈದ್ಯಕೀಯ ಕಾಲೇಜುಗಳ ವಸಡು ವಿಭಾಗಕ್ಕೆ ಹೋಗಬಹುದು.

ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಹೆದರಿಕೆ ನಮ್ಮ ಜನರಲ್ಲಿ ಬಲವಾಗಿದೆ. ವಾಸ್ತವದಲ್ಲಿ ಸಡಿಲವಾಗಿದ್ದ ಹಲ್ಲನ್ನು ಕಿಟ್ಟವು ಸಿಮೆಂಟಿನಂತೆ ಹಿಡಿದಿಟ್ಟಿರುತ್ತದೆ. ಕಿಟ್ಟ ತೆಗೆದಾಗ ಮೂಳೆ ಮೊದಲೇ ಕರಗಿದ್ದ ಸಂಗತಿ ತಿಳಿಯುತ್ತದೆ ಅಷ್ಟೇ. ಊದಿದ ವಸಡು ಇಳಿದಾಗ ಹಲ್ಲುಗಳ ನಡುವೆ ಸಂದು ಕಾಣುವುದೂ ಇದೇ ಕಾರಣಕ್ಕೆ. ಈ ಹೆದರಿಕೆಯಿಂದ ಚಿಕಿತ್ಸೆ ಮುಂದೂಡಿದವರು ಕಳೆದುಕೊಂಡ ಹಲ್ಲುಗಳಿಗೆ ಲೆಕ್ಕವಿಲ್ಲ.

ಪ್ರೀತಿಯ ವಿದ್ಯಾರ್ಥಿಗಳೇ, ಈ ಸಂಜೆ ಮನೆಗೆ ಹೋದಾಗ ನಿಮ್ಮ ತಂದೆ ತಾಯಿಯನ್ನು, ಅಜ್ಜ ಅಜ್ಜಿಯನ್ನು ಕೇಳಿ: ಹಲ್ಲು ಯಾವ ವಯಸ್ಸಿನಲ್ಲಿ ಅಲುಗಾಡತೊಡಗಿತು? ಹುಳುಕಿನಿಂದ ಹೋಯಿತೋ, ಹುಳುಕಿಲ್ಲದ ಹಲ್ಲು ಹಾಗೆಯೇ ಸಡಿಲವಾಗಿ ಉದುರಿತೋ? ಹುಳುಕಿಲ್ಲದೆ ಬೇಗ ಉದುರಿದ್ದರೆ ಆ ಮಾಹಿತಿ ನಿಮಗೆ ಬೇಕು. ನೀವು ಇನ್ನೂ ಹದಿನೈದು ಇಪ್ಪತ್ತರ ವಯಸ್ಸಿನವರು, ಮೂಳೆ ಕರಗುವ ಮೊದಲೇ ತಡೆಯುವಷ್ಟು ಸಮಯ ನಿಮ್ಮ ಬಳಿ ಇದೆ. ನಿಮ್ಮ ಹಿರಿಯರಿಗೆ ಈ ವಿಷಯವನ್ನು ಹೇಳುವವರು ಇರಲಿಲ್ಲ.